ಚಿಕ್ಕಪ್ಪನ 38 ಎಕರೆ: ಯಂತ್ರ ತೀರ್ಮಾನಿಸಿದರೆ ಸಹಿ ಹಾಕುವವರು ಯಾರು?

ಕಕ್ಕಬ್ಬೆ ಕಡೆಯವನು
ಭಾನುವಾರ ರಾತ್ರಿ

ನಮ್ಮ ಚಿಕ್ಕಪ್ಪನಿಗೆ 71 ವರ್ಷ. ಮದುವೆಯಾಗಿಲ್ಲ. ಮನೆತನದ ಮೂಲಮನೆಯಾದ ಐನ್‌ಮನೆಯ ಪಕ್ಕದಲ್ಲಿ, ಹಿಂದೆ ಭತ್ತ ತುಂಬಿಡುತ್ತಿದ್ದ ಕೋಣೆಗೆ ಹೆಂಚು ಹೊದಿಸಿಕೊಂಡು ಒಬ್ಬರೇ ಇದ್ದಾರೆ. ಕಳೆದ ತಿಂಗಳು ಪಡಿತರ ಅಂಗಡಿಗೆ ಹೋದಾಗ ಅಕ್ಕಿ ಸಿಗಲಿಲ್ಲ. ಬಿಪಿಎಲ್ ಕಾರ್ಡ್ ರದ್ದಾಗಿದೆಯಂತೆ. ಕಾರಣ ಕೇಳಲು ಅವರನ್ನು ಕರೆದುಕೊಂಡು ಕಚೇರಿಗೆ ಹೋದೆ. ಅಲ್ಲಿದ್ದ ಹುಡುಗ ಒಳ್ಳೆಯವನೇ. ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದ: "ನೋಡಿ, ಇವರಿಗೆ 38 ಎಕರೆ ಜಮೀನಿದೆ. ಸಿಸ್ಟಮ್ ಗುರುತಿಸಿದೆ."

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡು ನೋಡಿದರು. ನಿಜಕ್ಕೂ ಅವರ ಹೆಸರೇ. 38 ಎಕರೆಯೇ.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರೂ ಓದುತ್ತಾರೆಂದು ಹೇಳುತ್ತೇನೆ. ಅದು ಜಮ್ಮಾ ಜಾಗ. ಗದ್ದೆ, ಅದಕ್ಕೆ ಸೇರಿದ ಮರಗಿಡಗಳ ಜಾಗವಾದ ಬಾಣೆ, ಎಲ್ಲವೂ ಒಕ್ಕಕ್ಕೆ, ಅಂದರೆ ಇಡೀ ಮನೆತನಕ್ಕೆ ಸೇರಿದ್ದು. ಮನೆತನದ ಹಿರಿಯರಾದ ಪಟ್ಟೆದಾರರ ಹೆಸರಿನ ಕೆಳಗೆ ಕುಟುಂಬದವರ ಹೆಸರುಗಳು ಸಾಲಾಗಿ ಬರುತ್ತವೆ. ನಮ್ಮ ಆರ್‌ಟಿಸಿಯ (ಪಹಣಿಯ) ಒಂಬತ್ತನೆಯ ಕಾಲಂನಲ್ಲಿ ಹೀಗೆ 41 ಜನರಿದ್ದೇವೆ. ತಲೆಗೆ ಒಂದು ಎಕರೆಯೂ ಬರುವುದಿಲ್ಲ. ಯಂತ್ರ ಮಾತ್ರ ಹೆಸರಿನ ಎದುರಿಗೆ 38 ಕಂಡಿತು, 38 ಎಂದು ಬರೆದುಕೊಂಡಿತು. 41 ಜನರನ್ನೂ ಹೀಗೆಯೇ ಎಣಿಸಿದರೆ ನಮ್ಮ ಒಕ್ಕದ ಆಸ್ತಿ 1,558 ಎಕರೆ ಆಗುತ್ತದೆ. ಕೊಡಗಿನ ಅರಸ ಲಿಂಗರಾಜನ ಕಾಲದಲ್ಲೂ ನಮಗೆ ಅಷ್ಟು ಇರಲಿಲ್ಲ!

ಬಿಪಿಎಲ್‌ಗೆ ಮಿತಿ ಮೂರು ಹೆಕ್ಟೇರ್ ಒಣಭೂಮಿ, ಅಂದರೆ ಸುಮಾರು ಏಳೂವರೆ ಎಕರೆ. ಆ ನಿಯಮದ ಬಗ್ಗೆ ನನ್ನ ತಕರಾರಿಲ್ಲ. ನಾನು ಆ ಹುಡುಗನಿಗೆ ಇಷ್ಟನ್ನೇ ಕೇಳಿದೆ: "ಇದನ್ನು ತೀರ್ಮಾನ ಮಾಡಿದವರು ಯಾರು? ಅವರ ಹತ್ತಿರ ಮಾತನಾಡುತ್ತೇನೆ." ಅವನು ಮೇಲಕ್ಕೆ ಕೈ ತೋರಿಸಿದ. ಮೇಲೆ ಫ್ಯಾನ್ ತಿರುಗುತ್ತಿತ್ತು.

ಇನ್ನು ಮುಂದೆ ಸರಕಾರದ ಎಲ್ಲ ಕೆಲಸಕ್ಕೂ ಕೃತಕ ಬುದ್ಧಿಮತ್ತೆ ಬರುತ್ತದೆ, ಲಂಚವಿರುವುದಿಲ್ಲ, ಶಿಫಾರಸು ನಡೆಯುವುದಿಲ್ಲ, ಎಲ್ಲರಿಗೂ ಒಂದೇ ನ್ಯಾಯ ಎಂದು ಹೇಳುತ್ತಿದ್ದಾರೆ. ಇಲ್ಲಿ ತಿಳಿದವರಿದ್ದೀರಿ. ಸಂತೋಷಪಡಬೇಕೇ, ಹೆದರಬೇಕೇ?

ಹಾರಂಗಿ ದಂಡೆ

ನಾನು ಕುಶಾಲನಗರದವನು, ಬೆಂಗಳೂರಿನಲ್ಲಿ ಇಂಥ ಯಂತ್ರಗಳನ್ನು ಕಟ್ಟುವ ಕೆಲಸವನ್ನೇ ಮಾಡುತ್ತೇನೆ. ಮೊದಲು ಒಂದು ತಿದ್ದುಪಡಿ. ನಿಮ್ಮ ಚಿಕ್ಕಪ್ಪನಿಗೆ ಆದದ್ದು ಕೃತಕ ಬುದ್ಧಿಮತ್ತೆಯಿಂದಲ್ಲ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಹೆಸರು ಹೊಂದಿಸುವ ಸರಳ ಕೆಲಸ ಅದು. ಅದರಲ್ಲಿ ನಿಯಮವನ್ನು ಮನುಷ್ಯರೇ ಬರೆದಿರುತ್ತಾರೆ: "ವಿಸ್ತೀರ್ಣ ಇಷ್ಟಕ್ಕಿಂತ ಹೆಚ್ಚಿದ್ದರೆ ತೆಗೆದುಹಾಕು." ತಪ್ಪು ಎಲ್ಲಿದೆ ಎಂದು ನೀವೇ ಕಂಡುಹಿಡಿದಿರಲ್ಲ, ಭಾಗಿಸುವುದನ್ನು ಮರೆತಿದ್ದಾರೆ.

ಕೃತಕ ಬುದ್ಧಿಮತ್ತೆಯ ದಾರಿ ಬೇರೆ. ಹಳೆಯ ಸಾವಿರಾರು ಪ್ರಕರಣಗಳನ್ನು ಅದಕ್ಕೆ ತೋರಿಸುತ್ತೇವೆ. ಯಾರು ಅರ್ಹರು, ಯಾರು ಅಲ್ಲ ಎಂಬ ಗೆರೆಯನ್ನು ಅದೇ ಎಳೆದುಕೊಳ್ಳುತ್ತದೆ. ಆ ಗೆರೆ ಏಕೆ ಅಲ್ಲಿ ಹಾದುಹೋಯಿತು ಎಂದು ಕೇಳಿದರೆ ಕಟ್ಟಿದ ನಮಗೂ ಹಲವು ಸಲ ಹೇಳಲು ಆಗುವುದಿಲ್ಲ. ಆಗ 38 ಎಂಬ ಸಂಖ್ಯೆ ಕೂಡ ಪರದೆಯ ಮೇಲೆ ಇರುವುದಿಲ್ಲ. "ಸಂಶಯಾಸ್ಪದ" ಎಂಬ ಒಂದು ಗುರುತು, ಜೊತೆಗೆ ಒಂದು ಅಂಕ. ಅಷ್ಟೇ.

ನೆರೆಯ ತೆಲಂಗಾಣದ ಕಥೆ ತಿಳಿದುಕೊಳ್ಳಬೇಕಾದದ್ದು. ಅಲ್ಲಿ 'ಸಮಗ್ರ ವೇದಿಕ' ಎಂಬ ವ್ಯವಸ್ಥೆ ವಾಹನ, ವಿದ್ಯುತ್, ಆಸ್ತಿ ಹೀಗೆ ಹಲವು ಇಲಾಖೆಗಳ ದಾಖಲೆಗಳನ್ನು ಹೆಣೆದು ಒಬ್ಬೊಬ್ಬರ ಚಿತ್ರ ಕಟ್ಟುತ್ತದೆ. ಹೆಸರು, ವಿಳಾಸ ಸ್ವಲ್ಪ ಹೆಚ್ಚುಕಡಿಮೆಯಾದರೂ ಒಂದೇ ವ್ಯಕ್ತಿ ಎಂದು ಊಹಿಸುವ ಕೆಲಸವನ್ನು ಯಂತ್ರಕಲಿಕೆಯಿಂದ ಮಾಡಿಸಿದ್ದರು. ರಿಕ್ಷಾ ಎಳೆಯುತ್ತಿದ್ದ ಒಬ್ಬರ ಹೆಸರು ಕಾರಿದ್ದ ಇನ್ನೊಬ್ಬರ ಹೆಸರಿಗೆ ಹತ್ತಿರವಿತ್ತು ಎಂಬುದಕ್ಕೇ ಆ ಕುಟುಂಬಕ್ಕೆ ಪಡಿತರ ತಪ್ಪಿತು. ಮನೆಗೆ ಹೋಗಿ ನೋಡದೆ, ಗಣಕದ ಲೆಕ್ಕ ನಂಬಿ ಕಾರ್ಡುಗಳನ್ನು ರದ್ದು ಮಾಡಿದ್ದಾರೆ ಎಂಬ ದೂರು ಸುಪ್ರೀಂ ಕೋರ್ಟಿಗೆ ಹೋಯಿತು. ಸುಮಾರು 19 ಲಕ್ಷ ಕಾರ್ಡುಗಳನ್ನು ಸ್ಥಳಕ್ಕೇ ಹೋಗಿ ಮತ್ತೆ ಪರಿಶೀಲಿಸಬೇಕೆಂದು 2022ರಲ್ಲಿ ನ್ಯಾಯಾಲಯ ಹೇಳಬೇಕಾಯಿತು.

ಈಗ ಯೋಚಿಸಿ, ಕೊಡವರ ಹೆಸರುಗಳನ್ನು ಅಂಥ ಯಂತ್ರದ ಬಾಯಿಗೆ ಕೊಟ್ಟರೆ? ಮನೆತನದ ಹೆಸರು ಒಂದೇ, ಇನಿಷಿಯಲ್ ಒಂದೇ, ತಾತನ ಹೆಸರೇ ಮೊಮ್ಮಗನಿಗೆ.

ಕಕ್ಕಬ್ಬೆ ಕಡೆಯವನು

ನಮ್ಮ ಒಕ್ಕದಲ್ಲೇ ನಾಲ್ವರು ಮುತ್ತಪ್ಪ ಇದ್ದಾರೆ. ಇಬ್ಬರಿಗೆ ತಂದೆಯ ಹೆಸರೂ ಒಂದೇ. ಅಂಚೆಯವನಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.

ನಿವೃತ್ತ ಗುಮಾಸ್ತ

ಎಲ್ಲರೂ ಯಂತ್ರದ ಮೇಲೆ ಬೀಳುವ ಮೊದಲು ನನ್ನದೂ ಸ್ವಲ್ಪ ಕೇಳಿ. ಕಂದಾಯ ಇಲಾಖೆಯಲ್ಲಿ 34 ವರ್ಷ ಕುರ್ಚಿ ಸವೆಸಿದ್ದೇನೆ. ನಮ್ಮ ತಂದೆ ಹಿಂದಿನ ಕಾಲದ ಕಂದಾಯ ಅಧಿಕಾರಿಗಳಾದ ಪಾರುಪತ್ಯಗಾರರ ಕೈಕೆಳಗೆ ಕೆಲಸ ಮಾಡಿದವರು. ಆ ಕಾಲದ ನ್ಯಾಯವನ್ನೂ ಕಣ್ಣಾರೆ ಕಂಡಿದ್ದೇನೆ. ಕಡತ ಮೇಲೆ ಬರಲು ಒಂದು ದರ, ಕೆಳಗೆ ಹೋಗಲು ಇನ್ನೊಂದು ದರ. ಕೆಳಗೆ ಹೋಗಲು ಕೊಡುವವರು ಎದುರು ಪಕ್ಷದವರು, ಅವರದೇ ಹೆಚ್ಚು. ಬುಡಕಟ್ಟಿನವರಾದ ಯರವರ ಅರ್ಜಿ ಬಂದರೆ ಬಾಗಿಲ ಹೊರಗೆ ನಿಲ್ಲಿಸಿ ಮಾತನಾಡಿಸುತ್ತಿದ್ದವರನ್ನೂ ನೋಡಿದ್ದೇನೆ.

2000ದ ಸುಮಾರಿಗೆ 'ಭೂಮಿ' ತಂತ್ರಾಂಶ ಬಂತು. ರಾಜ್ಯದಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಕೈಬರಹದ ಪಹಣಿಗೆ ಬೆಲೆಯಿಲ್ಲದಂತಾಯಿತು. ಮ್ಯುಟೇಶನ್ (ಖಾತೆ ಬದಲಾವಣೆ) ಅರ್ಜಿ ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು, ನಡುವೆ ನುಗ್ಗಿಸಲು ತಂತ್ರಾಂಶ ಬಿಡುವುದಿಲ್ಲ. ನಮ್ಮ ಕಚೇರಿಯಲ್ಲಿ ಎರಡು ವಾರ ಸೂತಕದ ಮನೆಯ ಹಾಗಿತ್ತು. ಮೊದಲ ಸಲ ಒಬ್ಬ ಕೂಲಿಯವನ ಅರ್ಜಿ ಒಬ್ಬ ತೋಟದ ಮಾಲೀಕರ ಅರ್ಜಿಗಿಂತ ಮುಂಚೆ ಆಯಿತು. ಅದನ್ನು ನಾನು ಮರೆಯುವುದಿಲ್ಲ.

ಆದರೆ ಕಕ್ಕಬ್ಬೆಯವರೇ, ನಿಮ್ಮ ಚಿಕ್ಕಪ್ಪನ 38 ಎಕರೆಯಲ್ಲಿ ನಮ್ಮಂಥವರ ಬೆರಳೂ ಇದೆ. ಡಾಟಾ ಏರಿಸುವಾಗ ಬಯಲುಸೀಮೆಯ ಲೆಕ್ಕದಲ್ಲಿ ಮಾಡಿದ ನಮೂನೆ ಕೊಟ್ಟಿದ್ದರು: ಒಬ್ಬ ಮಾಲೀಕ, ಒಂದು ವಿಸ್ತೀರ್ಣ. ಜಮ್ಮಾ ಎಂದರೆ ಏನೆಂದು ಆ ನಮೂನೆಗೆ ಗೊತ್ತಿರಲಿಲ್ಲ. ನಾವು ಪಟ್ಟೆದಾರರ ಕೆಳಗೆ ಉಳಿದವರನ್ನು ಜಾಗ ಸಿಕ್ಕಲ್ಲಿ ತುರುಕಿಸಿದೆವು. ವಿಸ್ತೀರ್ಣದ ಮನೆಯಲ್ಲಿ ಸೊನ್ನೆ ಹಾಕಿದರೆ ಕೆಲವೊಮ್ಮೆ ತಂತ್ರಾಂಶ ಮುಂದೆ ಹೋಗುತ್ತಿರಲಿಲ್ಲ, ಆದ್ದರಿಂದ ಪೂರ್ತಿ ವಿಸ್ತೀರ್ಣವನ್ನೇ ಹಾಕಿಸಿದ್ದೂ ಉಂಟು. ಸಂಜೆ ಆರಕ್ಕೆ ಕರೆಂಟು ಹೋಗುತ್ತಿತ್ತು, ತಿಂಗಳ ಕೊನೆಗೆ ಗುರಿ ಮುಟ್ಟಬೇಕಿತ್ತು. ಇಪ್ಪತ್ತು ವರ್ಷ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ಓದುತ್ತಿದ್ದವರು ಮನುಷ್ಯರು. ಅವರಿಗೆ ಜಮ್ಮಾ ಗೊತ್ತಿತ್ತು.

ಕರಿಮೆಣಸು

ಗುಮಾಸ್ತರ ಮಾತಿನ ಮೊದಲ ಅರ್ಧಕ್ಕೆ ನನ್ನ ಪೂರ್ತಿ ಒಪ್ಪಿಗೆ. ಎರಡನೆಯ ಅರ್ಧವನ್ನು ಕೇಳಿ ಕೆಲವರು "ನೋಡಿ, ಮನುಷ್ಯರೇ ಒಳ್ಳೆಯವರು" ಎನ್ನಲು ಶುರು ಮಾಡುತ್ತಾರೆ, ಅದಕ್ಕೆ ಮುಂಚೆ ಹೇಳುತ್ತೇನೆ. ನಮ್ಮ ತೋಟಕ್ಕೆ ಎರಡು ವರ್ಷದಲ್ಲಿ ಆರು ಸಲ ಆನೆ ಬಂತು. ಹೋದ ಸಲ ನಾನು ಎಣಿಸಿದ್ದು 112 ಕಾಫಿ ಗಿಡ, 9 ಅಡಿಕೆ, ಮೆಣಸಿನ ಬಳ್ಳಿ ಹಬ್ಬಿದ್ದ 4 ಮರ. ಮಹಜರು ಮಾಡಲು ಬಂದವರು ರಸ್ತೆಯ ಬದಿಯ ಸಾಲನ್ನು ನೋಡಿ 40 ಎಂದು ಬರೆದರು. ಒಳಗೆ ಜಿಗಣೆ ಇದೆ ಎಂದು ಬರಲಿಲ್ಲ. ಡ್ರೋನ್ ಹಾರಿಸಿ ಯಂತ್ರ ಎಣಿಸಿದರೆ ಜಿಗಣೆಯ ನೆಪ ಇರುವುದಿಲ್ಲ.

ಕೊಯಮತ್ತೂರಿನ ಹತ್ತಿರ ಮದುಕ್ಕರೈಯಲ್ಲಿ ರೈಲು ಹಳಿಯ ಪಕ್ಕ ಕ್ಯಾಮೆರಾ ಗೋಪುರಗಳನ್ನು ನಿಲ್ಲಿಸಿ, ಆನೆ ಹಳಿಯ ಕಡೆ ಬಂದರೆ ಯಂತ್ರವೇ ಗುರುತಿಸಿ ರೈಲಿಗೆ ಸುದ್ದಿ ಕೊಡುವ ವ್ಯವಸ್ಥೆಯನ್ನು ತಮಿಳುನಾಡು ಅರಣ್ಯ ಇಲಾಖೆ 2024ರ ಫೆಬ್ರವರಿಯಲ್ಲಿ ಶುರು ಮಾಡಿತು. ಆನೆಯೂ ಉಳಿಯುತ್ತದೆ, ರೈಲೂ ಉಳಿಯುತ್ತದೆ. ನಮ್ಮ ಸಿದ್ದಾಪುರ, ತಿತಿಮತಿ ರಸ್ತೆಗಳಲ್ಲಿ ಬೆಳಗ್ಗೆ ಕೆಲಸಕ್ಕೆ ನಡೆದುಹೋಗುವವರಿಗೆ ಅಂಥದ್ದು ಬೇಡವೇ? ಒಂದು ಕಾರ್ಡ್ ತಪ್ಪಾಗಿ ರದ್ದಾಯಿತೆಂದು ಇಡೀ ತಂತ್ರಜ್ಞಾನವನ್ನು ಬೈಯುವುದು ಇಲಿಗೆ ಹೆದರಿ ಮನೆ ಸುಟ್ಟಂತೆ.

ಬೆಟ್ಟದ ಬುಡ

ಕರಿಮೆಣಸು ಅಣ್ಣ, ಆನೆಯ ಎಚ್ಚರಿಕೆಯೂ ಅಕ್ಕಿಯ ಕಾರ್ಡೂ ಒಂದೇ ತೂಕದ್ದಲ್ಲ. ನಾನು ಮಡಿಕೇರಿಯ ಇಳಿಜಾರಿನಲ್ಲಿ ಇರುವವಳು. 2018ರ ಆಗಸ್ಟಿನ ನಂತರ ಮಳೆಗಾಲ ಬಂತೆಂದರೆ ನಮಗೆ ನೋಟಿಸು ಬರುತ್ತದೆ, ಸುರಕ್ಷಿತ ಜಾಗಕ್ಕೆ ಹೋಗಿ ಎಂದು. ಎಷ್ಟೋ ಸಲ ಏನೂ ಆಗುವುದಿಲ್ಲ. ಚಾಪೆ, ಸ್ಟವ್, ಮಕ್ಕಳ ಪುಸ್ತಕ ಕಟ್ಟಿಕೊಂಡು ಹೋಗಿ ಎರಡು ರಾತ್ರಿ ಶಾಲೆಯ ಜಗುಲಿಯಲ್ಲಿ ಮಲಗಿ ಬರುತ್ತೇವೆ. ಬೈದುಕೊಳ್ಳುತ್ತೇವೆ. ಆದರೂ ಮುಂದಿನ ಸಲ ಹೋಗುತ್ತೇವೆ. ಎಚ್ಚರಿಕೆ ಹತ್ತು ಸಲ ಸುಳ್ಳಾದರೂ ಒಂದು ಸಲ ನಿಜವಾದರೆ ಸಾಕು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದದ್ದನ್ನು ನೆನೆಸಿಕೊಂಡರೆ ಜಗುಲಿಯ ನಿದ್ದೆಯೇ ವಾಸಿ.

ಅಲ್ಲಿ ಯಂತ್ರ ತಪ್ಪಿದರೆ ನಮಗೆ ಹೋಗುವುದು ಎರಡು ರಾತ್ರಿಯ ನಿದ್ದೆ. ಕಾರ್ಡಿನ ವಿಷಯದಲ್ಲಿ ಹತ್ತರಲ್ಲಿ ಒಂದು ತಪ್ಪಿದರೆ ಒಂದು ಮನೆಯ ಒಲೆ ಆರುತ್ತದೆ.

ಇನ್ನೊಂದು ತಮಾಷೆ ಕೇಳಿ. ಹೋದ ಜುಲೈನಲ್ಲಿ ನಮ್ಮ ಮನೆಯ ಹಿಂದಿನ ಬರೆ, ಅಂದರೆ ಮಣ್ಣಿನ ದಿಬ್ಬ, ಕುಸಿಯಿತು. ಅಣ್ಣನ ಮಗ ಮೊಬೈಲಿನಲ್ಲಿ ಯಾವುದೋ ಅನುವಾದದ ಆ್ಯಪ್ ಇಟ್ಟುಕೊಂಡಿದ್ದ. "ನಮ್ಮ ಮನೆ ಹಿಂದಿನ ಬರೆ ಕುಸಿದಿದೆ, ಪೈಸಾರಿ ಜಾಗದ ಕಡೆಯಿಂದ ನೀರು ನುಗ್ಗುತ್ತಿದೆ" ಎಂದು ಅದರಲ್ಲಿ ಬರೆದ. ಅದು ಬರೆಯನ್ನು ಬರವಣಿಗೆ ಎಂದುಕೊಂಡಿತು, ಸರಕಾರಿ ಪಾಳು ಜಾಗವಾದ ಪೈಸಾರಿಯನ್ನು ಹಣದ ವಿಷಯ ಎಂದುಕೊಂಡಿತು. ನಮ್ಮ ಮನೆಯ ಹಿಂದೆ ಬರವಣಿಗೆ ಕುಸಿದು, ಹಣ ಹರಿದು ಬರುತ್ತಿದೆ! ಅಷ್ಟಾದರೂ ಆಗಿದ್ದರೆ ಚೆನ್ನಾಗಿತ್ತು. ನಾಳೆ ದೂರುಗಳನ್ನು ಓದಿ ಇಲಾಖೆಗೆ ಹಂಚುವುದು ಇಂಥ ಯಂತ್ರವಾದರೆ ನಮ್ಮ ಬರೆ ಶಿಕ್ಷಣ ಇಲಾಖೆಗೆ ಹೋಗುತ್ತದೆ.

ಹಾರಂಗಿ ದಂಡೆ

ನಗು ತಡೆಯಲಾಗಲಿಲ್ಲ. ಆದರೆ ಮಾತು ಗಟ್ಟಿಯಾದದ್ದು. ಕೇಂದ್ರ ಸರಕಾರ 2022ರಲ್ಲಿ ಶುರು ಮಾಡಿದ 'ಭಾಷಿಣಿ' ಯೋಜನೆ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳನ್ನು ಮುಖ್ಯವಾಗಿ ಇಟ್ಟುಕೊಂಡದ್ದು. ಕನ್ನಡ ಅದರಲ್ಲಿದೆ, ಕೊಡವ ತಕ್ಕ್ ಆ ಪಟ್ಟಿಯಲ್ಲಿಲ್ಲ. ಅರೆಭಾಷೆ, ಯರವ ನುಡಿಗಳ ಮಾತೇ ಬೇಡ. ಕನ್ನಡ ಇದ್ದರೂ ಅದು ಕೊಡಗಿನ ಕನ್ನಡವಲ್ಲ.

ಬುಡದವರು ತೂಕದ ಮಾತೆತ್ತಿದರು. ಅದಕ್ಕೊಂದು ಲೆಕ್ಕ. ಇದು ಬರಿಯ ಉದಾಹರಣೆ, ಯಾವ ತಾಲ್ಲೂಕಿನದೂ ಅಲ್ಲ. 10,000 ಕಾರ್ಡುಗಳಿವೆ ಎನ್ನಿ. ಅದರಲ್ಲಿ ನಿಜವಾಗಿ ಅನರ್ಹರು 100. ಯಂತ್ರ ನೂರಕ್ಕೆ 95 ಸಲ ಸರಿ ಹೇಳುತ್ತದೆ. ಕೇಳಿದರೆ ಯಾರಾದರೂ ಭೇಷ್ ಎನ್ನುತ್ತಾರೆ. 100 ಅನರ್ಹರಲ್ಲಿ 95 ಜನ ಸಿಕ್ಕಿಬೀಳುತ್ತಾರೆ. ಉಳಿದ 9,900 ಅರ್ಹರಲ್ಲಿ ನೂರಕ್ಕೆ ಐದರಂತೆ ತಪ್ಪಿದರೆ 495 ಜನ. ಒಟ್ಟು 590 ಜನರ ಪಟ್ಟಿ ಹೊರಬರುತ್ತದೆ, ಅದರಲ್ಲಿ ಆರರಲ್ಲಿ ಐವರು ನಿರಪರಾಧಿಗಳು. ಆ ಪಟ್ಟಿಯನ್ನು "ಮನೆಗೆ ಹೋಗಿ ನೋಡಿ ಬನ್ನಿ" ಎಂದು ಕೊಟ್ಟರೆ ಉಪಯೋಗಕ್ಕೆ ಬರುತ್ತದೆ. "ರದ್ದು ಮಾಡಿ" ಎಂದು ಕೊಟ್ಟರೆ ಅನಾಹುತ. ಯಂತ್ರ ಒಂದೇ, ಪಟ್ಟಿ ಒಂದೇ.

ಲೈನ್‌ಮನೆ ಟೀಚರ್

ನಾನು ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ಇಷ್ಟು ದೊಡ್ಡ ಮಾತುಗಳು ನನಗೆ ಬರುವುದಿಲ್ಲ. ಮುಖ ಗುರುತಿಸುವುದರ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಗರ್ಭಿಣಿಯರಿಗೆ, ಬಾಣಂತಿಯರಿಗೆ, ಚಿಕ್ಕ ಮಕ್ಕಳಿಗೆ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ 2025ರ ಜುಲೈನಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖದ ಹೊಂದಾಣಿಕೆ ಕಡ್ಡಾಯವಾಗಿದೆ. ಬೇರೆಯವರು ತೆಗೆದುಕೊಂಡು ಹೋಗಬಾರದು ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ.

ನಮ್ಮದು ತೋಟದ ಕೂಲಿಯವರ ಸಾಲುಮನೆಗಳಾದ ಲೈನ್‌ಮನೆಗಳ ನಡುವಿನ ಕೇಂದ್ರ. ಸಿಲ್ವರ್ ಮರಗಳ ನೆರಳು, ಜೂನ್ ಬಂತೆಂದರೆ ಮಧ್ಯಾಹ್ನ ಮೂರಕ್ಕೇ ಕತ್ತಲು. ಅಸ್ಸಾಮಿನಿಂದ ಕಾಫಿ ಕೆಲಸಕ್ಕೆ ಬಂದ ಹುಡುಗಿಯೊಬ್ಬಳು ಏಳು ತಿಂಗಳ ಬಸುರಿ, ಗೊರಬೆಯ ಹಾಗೆ ತಲೆಯ ಮೇಲೆ ಪ್ಲಾಸ್ಟಿಕ್ ಹೊದ್ದುಕೊಂಡು ಬಂದಿದ್ದಳು. ನಾನು ಸೆರಗಿನಿಂದ ಅವಳ ಹಣೆ ಒರೆಸಿದೆ, ಕೂದಲು ಹಿಂದಕ್ಕೆ ಸರಿಸಿದೆ, ಬಾಗಿಲ ಬೆಳಕಿಗೆ ನಿಲ್ಲಿಸಿದೆ. ಕಣ್ಣು ಮಿಟುಕಿಸು ಎಂದು ಮೊಬೈಲ್ ಹೇಳುತ್ತದೆ, ಅವಳಿಗೆ ಭಾಷೆ ಬರುವುದಿಲ್ಲ, ನಾನು ಮಿಟುಕಿಸಿ ತೋರಿಸಿದೆ. ಮೂರು ಸಲ ಹೊಂದಲಿಲ್ಲ. ನಾಲ್ಕನೆಯ ಸಲಕ್ಕೆ ನೆಟ್‌ವರ್ಕ್ ಹೋಯಿತು. ಓಟಿಪಿ ಹೋಗುವ ನಂಬರು ಅವಳ ಗಂಡನದು, ಅವನು ಚಿಕ್ಕಮಗಳೂರಿನಲ್ಲಿ.

ಪೊಟ್ಟಣ ಮೇಜಿನ ಮೇಲೇ ಇತ್ತು. ಎದುರಿಗೆ ಅವಳು ನಿಂತಿದ್ದಳು. ನನಗೆ ಅವಳ ಹೆಸರು ಗೊತ್ತು, ಅವಳ ತೂಕ ಗೊತ್ತು, ಹಿಮೋಗ್ಲೋಬಿನ್ ಎಷ್ಟಿದೆ ಎಂದೂ ಗೊತ್ತು. ಆದರೂ ನನ್ನ ಗುರುತಿಗೆ ಬೆಲೆಯಿಲ್ಲ. ಕೊಟ್ಟೆ. ಕೊಟ್ಟು ನನ್ನ ಪುಸ್ತಕದಲ್ಲಿ ಬರೆದಿಟ್ಟೆ. ಲೆಕ್ಕ ಹೊಂದದಿದ್ದರೆ ವಿವರಣೆ ಕೊಡಬೇಕಾದವಳು ನಾನೇ, ಮೊಬೈಲ್ ಅಲ್ಲ.

ಕಪ್ಪು ಕೋಟು

ಟೀಚರ್, ನೀವು ಬರೆದ ಕೊನೆಯ ವಾಕ್ಯವನ್ನು ನಾನು ಕೋರ್ಟಿನಲ್ಲಿ ಓದಬೇಕೆನಿಸುತ್ತಿದೆ.

ವಿರಾಜಪೇಟೆಯಲ್ಲಿ ವಕೀಲಿಕೆ ಮಾಡುತ್ತೇನೆ. ಕಕ್ಕಬ್ಬೆಯವರ ಮೊದಲ ಪ್ರಶ್ನೆಗೆ ಬರುತ್ತೇನೆ: ತೀರ್ಮಾನ ಮಾಡಿದವರು ಯಾರು? ಕಾನೂನಿನಲ್ಲಿ ಇದಕ್ಕೆ ಹಳೆಯ ಉತ್ತರವೇ ಇದೆ. ಒಬ್ಬನಿಗಿರುವ ಸವಲತ್ತನ್ನು ಕಸಿಯುವ ಮೊದಲು ನೋಟಿಸು ಕೊಡಬೇಕು, ಅವನ ಮಾತು ಕೇಳಬೇಕು, ಕಾರಣಸಹಿತ ಆದೇಶ ಬರೆಯಬೇಕು. 1978ರ ಮೇನಕಾ ಗಾಂಧಿ ಪ್ರಕರಣ ಪಾಸ್‌ಪೋರ್ಟಿನ ವಿಷಯವಾದರೂ ಅದರ ಸಾರ ಅಕ್ಕಿಯ ಕಾರ್ಡಿಗೂ ಸಲ್ಲುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಕಲಮು ಇನ್ನೂ ನೇರವಾಗಿದೆ: ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ತಿಳಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. "ಸಿಸ್ಟಮ್ ಗುರುತಿಸಿದೆ" ಎಂಬುದು ಕಾರಣವಲ್ಲ.

ತೊಡಕು ಎಲ್ಲಿದೆಯೆಂದರೆ, ತಂತ್ರಾಂಶ ಖಾಸಗಿ ಕಂಪನಿ ಬರೆದದ್ದಾಗಿದ್ದರೆ ಅದೇ ಕಾಯ್ದೆಯ 8(1)(ಡಿ) ತೋರಿಸಿ ವ್ಯಾಪಾರ ರಹಸ್ಯ ಎನ್ನುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಒಬ್ಬರ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಬಳಸುವ ಮಾಹಿತಿ ಪೂರ್ಣವೂ ನಿಖರವೂ ಆಗಿರಬೇಕೆಂಬ ಮಾತಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟಿದ್ದಾರೆ. ಸರಕಾರದ ಅಂಗಗಳಿಗೆ ವಿನಾಯಿತಿ ಕೊಡುವ ಬಾಗಿಲೂ ಅದರಲ್ಲೇ ಇದೆ. ಯಂತ್ರ ಮಾಡಿದ ತೀರ್ಮಾನವನ್ನು ಮನುಷ್ಯರು ಮತ್ತೆ ನೋಡಬೇಕು ಎಂಬ ಹಕ್ಕನ್ನು ಅದು ಬಿಡಿಸಿ ಹೇಳುವುದಿಲ್ಲ. ಯುರೋಪಿನಲ್ಲಿ ಅದು ಕಾನೂನಿನಲ್ಲೇ ಇದೆ.

ಕಾನೂನು ಇದ್ದ ಮಾತ್ರಕ್ಕೆ ಯುರೋಪಿನವರು ಎಡವಲಿಲ್ಲ ಎಂದಲ್ಲ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಭತ್ಯೆಯಲ್ಲಿ ವಂಚಕರನ್ನು ಹುಡುಕಲು ಹೋಗಿ, ಡಚ್ ಪೌರತ್ವ ಇಲ್ಲದಿರುವುದನ್ನೂ ಅಪಾಯದ ಗುರುತಾಗಿ ಎಣಿಸಿದರು. ಸಾವಿರಾರು ಕುಟುಂಬಗಳು ಸಾಲಕ್ಕೆ ಬಿದ್ದವು. 2021ರ ಜನವರಿಯಲ್ಲಿ ಅಲ್ಲಿನ ಸರಕಾರವೇ ರಾಜೀನಾಮೆ ಕೊಟ್ಟಿತು.

ಹಾರಂಗಿ ದಂಡೆ

ಆಸ್ಟ್ರೇಲಿಯದ 'ರೋಬೋಡೆಟ್' ಕಕ್ಕಬ್ಬೆಯವರ ಕಥೆಗೆ ಕನ್ನಡಿ ಹಿಡಿದ ಹಾಗಿದೆ. ಅಲ್ಲಿ ವರ್ಷದ ಆದಾಯವನ್ನು ಎರಡೆರಡು ವಾರಗಳಿಗೆ ಸಮನಾಗಿ ಹಂಚಿ, "ನೀವು ಕೆಲಸವಿಲ್ಲ ಎಂದು ಭತ್ಯೆ ಪಡೆದ ವಾರಗಳಲ್ಲೂ ನಿಮಗೆ ಆದಾಯವಿತ್ತು, ಹಣ ವಾಪಸು ಕೊಡಿ" ಎಂದು ಲಕ್ಷಾಂತರ ಜನರಿಗೆ ಪತ್ರ ಹೋಯಿತು. ಅದು ಕಾನೂನಿಗೆ ವಿರುದ್ಧ ಎಂದು 2019ರಲ್ಲಿ ಸರಕಾರವೇ ಒಪ್ಪಿಕೊಳ್ಳಬೇಕಾಯಿತು, 2023ರಲ್ಲಿ ರಾಯಲ್ ಕಮಿಷನ್ ಕಟುವಾದ ವರದಿ ಕೊಟ್ಟಿತು. ಅವರು ಭಾಗಿಸಬಾರದ ಕಡೆ ಭಾಗಿಸಿದರು, ನಮ್ಮವರು ಭಾಗಿಸಬೇಕಾದ ಕಡೆ ಭಾಗಿಸಲಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲಿನಲ್ಲಿ ದುಡಿದು ಮಳೆಗಾಲದಲ್ಲಿ ಕೈಕಟ್ಟಿ ಕೂರುವ ನಮ್ಮ ಕಾರ್ಮಿಕರ ಆದಾಯವನ್ನು ಯಾವುದಾದರೂ ಯಂತ್ರ ಹನ್ನೆರಡರಿಂದ ಭಾಗಿಸಿದರೆ, ಆಗಸ್ಟಿನಲ್ಲಿ ಅವರು ಕಾಗದದ ಮೇಲೆ ಅನುಕೂಲಸ್ಥರು.

ಕರಿಮೆಣಸು

ಒಪ್ಪಿದೆ, ಒಪ್ಪಿದೆ. ಆದರೆ ಈ ಎಲ್ಲ ಕಥೆಗಳಲ್ಲೂ ತಪ್ಪು ಕೊನೆಗೆ ಬಯಲಾಯಿತಲ್ಲ? ನನ್ನ 112 ಗಿಡ 40 ಆದದ್ದು ಎಲ್ಲಿ ಬಯಲಾಯಿತು? ಮನುಷ್ಯ ಮಾಡಿದ ಅನ್ಯಾಯ ಒಬ್ಬೊಬ್ಬರಿಗೆ ಒಂದೊಂದು ರೀತಿ ಇರುತ್ತದೆ, ಒಟ್ಟು ಮಾಡಿ ತೋರಿಸಲು ಆಗುವುದಿಲ್ಲ. ಯಂತ್ರದ ತಪ್ಪು ಒಂದೇ ಅಚ್ಚಿನದು. ಹುಡುಕಿದರೆ ಎಲ್ಲರದೂ ಒಟ್ಟಿಗೆ ಸಿಗುತ್ತದೆ. ಒಂದು ಸಾಲು ತಿದ್ದಿದರೆ 41 ಜನರದೂ ಸರಿಯಾಗುತ್ತದೆ.

ಕಪ್ಪು ಕೋಟು

ಇದು ನಿಜವಾಗಿಯೂ ಒಳ್ಳೆಯ ವಾದ. ನಾನು ಯೋಚಿಸಿರಲಿಲ್ಲ. ಆದರೆ ಹುಡುಕಲು ಯಾರಿಗಾದರೂ ಒಳಗೆ ಬಿಡಬೇಕಲ್ಲ? ಅದೇ ಬಾಗಿಲಿಗೆ ಬೀಗ ಇರುವುದು.

ತಿತಿಮತಿ ದಾರಿ

ನಾನು ಹಾಡಿಯವನು, ಅಂದರೆ ಬುಡಕಟ್ಟು ಜನರ ಕೇರಿಯವನು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮೇಲಿನ ಆಕಾಶದಿಂದ ಎಣಿಸುವ ಬಗ್ಗೆ ಕರಿಮೆಣಸು ಅವರಿಗೆ ತುಂಬ ಭರವಸೆ ಇದೆ, ಆದ್ದರಿಂದ ಒಂದು ಮಾತು.

ನಿಮ್ಮ ಕಾಫಿ ತೋಟವನ್ನು ಉಪಗ್ರಹದ ಚಿತ್ರದಲ್ಲಿ ನೋಡಿ. ನೆರಳಿನ ಮರಗಳಿಂದಾಗಿ ಅದು ಕಾಡಿನ ಹಾಗೆಯೇ ಕಾಣುತ್ತದೆ, ಪರಿಣತರಿಗೂ ಬೇರ್ಪಡಿಸಿ ಹೇಳುವುದು ಕಷ್ಟ. ಅದರಿಂದ ನಿಮಗೆ ನಷ್ಟವಿಲ್ಲ, ನಿಮ್ಮ ಹತ್ತಿರ ಆರ್‌ಟಿಸಿ ಇದೆ. ಈಗ ನಮ್ಮ ಹುಲ್ಲಿನ ಗುಡಿಸಲನ್ನು ಅದೇ ಚಿತ್ರದಲ್ಲಿ ಹುಡುಕಿ. ಮತ್ತಿ ಮರದ ಕೆಳಗೆ ಬಿದಿರು, ಹುಲ್ಲು, ಮಣ್ಣು. ಆಕಾಶಕ್ಕೆ ಅದು ಕಾಣುವುದೇ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದವನು 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿದ್ದೆ ಎಂದು ತೋರಿಸಬೇಕು. ಆ ವರ್ಷದ ಉಪಗ್ರಹ ಚಿತ್ರದಲ್ಲಿ ಏನೂ ಇಲ್ಲ ಎಂದರೆ ನಾವು ಇರಲಿಲ್ಲ ಎಂದು ಅರ್ಥವೇ?

ಈ ಪ್ರಶ್ನೆ ಹಳೆಯದು. 2012ರಲ್ಲಿ ತಿದ್ದಿದ ನಿಯಮಗಳಲ್ಲಿ ಉತ್ತರವೂ ಇದೆ. ಉಪಗ್ರಹ ಚಿತ್ರ ಮತ್ತು ಬೇರೆ ತಂತ್ರಜ್ಞಾನ ಇತರ ಸಾಕ್ಷ್ಯಗಳಿಗೆ ಪೂರಕವಾಗಬಹುದು, ಅವುಗಳ ಬದಲಿಗೆ ಬರುವಂತಿಲ್ಲ. ಹಿರಿಯರ ಹೇಳಿಕೆ, ಸ್ಮಶಾನ, ದೈವದ ಜಾಗ, ಹಳೆಯ ಬಾವಿ ಕೂಡ ಸಾಕ್ಷ್ಯ. ಕೃತಕ ಬುದ್ಧಿಮತ್ತೆ ಎಂಬ ಹೆಸರು ಎಲ್ಲರ ಬಾಯಿಗೆ ಬರುವ ಎಷ್ಟೋ ಮೊದಲೇ ಬರೆದ ಸಾಲು ಅದು. ಪಡಿತರಕ್ಕೂ, ಪಿಂಚಣಿಗೂ ಅದೇ ಒಂದು ಸಾಲನ್ನು ಹಾಕಿದರೆ ಸಾಕಲ್ಲವೇ?

ನಮ್ಮಜ್ಜಿಗೆ ಒಂದೇ ಹೆಸರು, ಎರಡು ಅಕ್ಷರ. ತಂದೆಯ ಹೆಸರು, ಮನೆತನದ ಹೆಸರು ಇಲ್ಲ. ಪ್ರತಿ ಅರ್ಜಿಯಲ್ಲೂ "ಕೊನೆಯ ಹೆಸರು" ಎಂಬ ಜಾಗದಲ್ಲಿ ಬರೆಯುವವರು ತಮಗೆ ತೋಚಿದ್ದನ್ನು ಬರೆದಿದ್ದಾರೆ. ಆಧಾರ್‌ನಲ್ಲಿ ಒಂದು, ಪಡಿತರ ಕಾರ್ಡಿನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು. ಕೊಡವರಲ್ಲಿ ನಾಲ್ವರು ಒಬ್ಬರಾಗುತ್ತಾರೆ, ನಮ್ಮಲ್ಲಿ ಒಬ್ಬರು ಮೂವರಾಗುತ್ತಾರೆ.

ನಿವೃತ್ತ ಗುಮಾಸ್ತ

ತಮ್ಮಾ, ಹಿಂದೆ ಬಾಗಿಲ ಹೊರಗೆ ನಿಲ್ಲಿಸಿದವರ ಪರವಾಗಿ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ನೀನು ಹೇಳಿದ ಆ ಸಾಲನ್ನು ನಾನು ಸೇವೆಯಲ್ಲಿದ್ದಾಗ ಓದಿದ್ದರೆ ಕೆಲವು ಕಡತಗಳನ್ನು ಬೇರೆ ರೀತಿ ಬರೆಯುತ್ತಿದ್ದೆ.

ಒಂದು ಅನುಭವದ ಮಾತು. ಟಿಪ್ಪಣಿಯ ಕೆಳಗೆ ಸಹಿ ಹಾಕುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ಲಂಚ ತಿಂದವನ ಕೈಯೂ ನಿಲ್ಲುತ್ತದೆ, ನಾಳೆ ಆಡಿಟ್ ಬಂದರೆ ಏನು ಹೇಳಲಿ ಎಂದು. ಆ ಒಂದು ಕ್ಷಣದಲ್ಲಿ ಎಷ್ಟೋ ಅನ್ಯಾಯ ತಪ್ಪಿದೆ. ಈಗಿನ ಪರದೆಯಲ್ಲಿ ಆ ಕ್ಷಣವೇ ಇಲ್ಲ. ಒಟ್ಟು 600 ಹೆಸರು, ಒಂದು ಗುಂಡಿ.

2024ರ ನವೆಂಬರಿನಲ್ಲಿ ರಾಜ್ಯದಲ್ಲೆಲ್ಲ ಬಿಪಿಎಲ್ ಕಾರ್ಡುಗಳು ರದ್ದಾಗಿ ಗದ್ದಲವಾಯಿತಲ್ಲ. ಆದಾಯ ತೆರಿಗೆ ಕಟ್ಟುವವರು, ಸರಕಾರಿ ನೌಕರರನ್ನು ಬಿಟ್ಟು ಉಳಿದವರದನ್ನು ಮರಳಿಸಿ ಎಂದು ಸರಕಾರವೇ ಹೇಳಬೇಕಾಯಿತು. ಅದನ್ನು ಯಾವ ಯಂತ್ರವೂ ಹೇಳಲಿಲ್ಲ, ಜನ ಬೀದಿಗೆ ಬಂದದ್ದಕ್ಕೆ ಆಯಿತು. ಕಕ್ಕಬ್ಬೆಯ ಒಬ್ಬ ಮುದುಕ ಬೀದಿಗೆ ಬಂದರೆ ಯಾರಿಗೆ ಕಾಣುತ್ತದೆ?

ಆದ್ದರಿಂದ ಒಂದು ಕೆಲಸ ಮಾಡಿ. ಬಾಯಲ್ಲಿ ಕೇಳಬೇಡಿ. ಬಿಳಿ ಹಾಳೆಯಲ್ಲಿ ಅರ್ಜಿ ಬರೆಯಿರಿ: ಯಾವ ಆದೇಶದಿಂದ ರದ್ದಾಯಿತು, ಆದೇಶ ಹೊರಡಿಸಿದ ಅಧಿಕಾರಿಯ ಪದನಾಮ ಏನು, ಕಾರಣ ಏನು, ಪ್ರತಿ ಕೊಡಿ. ವಕೀಲರು ಹೇಳಿದ ಕಲಮನ್ನು ಮೇಲೆ ಹಾಕಿ. ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

ಕಕ್ಕಬ್ಬೆ ಕಡೆಯವನು
ಶುಕ್ರವಾರ ಸಂಜೆ

ಹಾಗೆಯೇ ಮಾಡಿದೆ. ಆದದ್ದನ್ನು ಬರೆಯುತ್ತೇನೆ.

ಅರ್ಜಿ ನೋಡಿದ ಅದೇ ಹುಡುಗ "ಪದನಾಮ" ಎಂಬಲ್ಲಿ ನಿಂತ. ಯಾರ ಹೆಸರು ಬರೆಯುವುದು ಎಂದು ಪಕ್ಕದವರನ್ನು ಕೇಳಿದ. ಅವರು ಒಳಗೆ ಹೋದರು. ಅರ್ಧ ಗಂಟೆಯ ಬಳಿಕ ಮೇಲಿನವರೊಬ್ಬರು ಹೊರಬಂದು, ಚಿಕ್ಕಪ್ಪನಿಗೆ ಕುರ್ಚಿ ಕೊಡಿಸಿ, ಆರ್‌ಟಿಸಿ ತರಿಸಿ ನೋಡಿದರು. ಬೆರಳಿಟ್ಟು ಹೆಸರುಗಳನ್ನು ಎಣಿಸಿದರು. ಹದಿನೇಳಕ್ಕೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದರು. "ಇದು ಜಮ್ಮಾ ಅಲ್ಲವೇ?" ಎಂದರು. ನಾನು ಹೌದು ಎಂದೆ. "ಇದಕ್ಕೆ ನಾನು ಹೇಗೆ ಸಹಿ ಹಾಕಲಿ?" ಎಂದು ತಮಗೆ ತಾವೇ ಹೇಳಿಕೊಂಡರು. ಕಾರ್ಡ್ ಮರಳಿ ಕೊಡಲು ಶಿಫಾರಸು ಬರೆಯುತ್ತೇನೆ ಎಂದರು. ಅದಕ್ಕೆ ವಂಶವೃಕ್ಷ ಬೇಕಂತೆ, ಚಿಕ್ಕಪ್ಪನ ಪಾಲು ಎಷ್ಟೆಂದು ತೋರಿಸಲು.

ಚಿಕ್ಕಪ್ಪ ಅಲ್ಲಿಯೇ ಕುಳಿತು, ಸತ್ತವರನ್ನೂ ಸೇರಿಸಿ ನಾಲ್ಕು ತಲೆಮಾರಿನವರ ಹೆಸರು ಹೇಳಲು ಶುರು ಮಾಡಿದರು. ಹುಡುಗ ಟೈಪ್ ಮಾಡುತ್ತಾ ಹೋದ. ಹದಿನೈದಕ್ಕೆ ನಿಂತಿತು. ನಮೂನೆಯಲ್ಲಿ ಇರುವುದು ಹದಿನೈದೇ ಸಾಲು. ಮುಂದಿನ ಬುಧವಾರ ಬರಲು ಹೇಳಿದ್ದಾರೆ.

ಲೈನ್‌ಮನೆ ಟೀಚರ್

ಉಳಿದ 40 ಜನರಲ್ಲಿ ಬಿಪಿಎಲ್ ಕಾರ್ಡ್ ಇದ್ದವರು ಎಷ್ಟು ಮಂದಿ? ಅವರದೂ ಹೋಗಿದೆಯೇ ನೋಡಿ. ಅಕ್ಕಿ ತರಲು ಹೋಗುವವರೆಗೆ ಗೊತ್ತಾಗುವುದಿಲ್ಲ.

ಕಕ್ಕಬ್ಬೆ ಕಡೆಯವನು

ಆರು ಜನ ಟೀಚರ್. ಇಬ್ಬರಿಗೆ ಈಗ ತಾನೇ ಫೋನ್ ಮಾಡಿದೆ. ಇಬ್ಬರದೂ ರದ್ದಾಗಿದೆ.

ನಿವೃತ್ತ ಗುಮಾಸ್ತ

ಆರು ಜನರದೂ ಒಂದೇ ಅರ್ಜಿ ಬೇಡ, ಆರು ಬೇರೆ ಬೇರೆ ಅರ್ಜಿ ಬರೆಯಿರಿ. ಬುಧವಾರ ನಾನೂ ಬರುತ್ತೇನೆ, ಮೊದಲ ಬಸ್ಸಿಗೆ. ವಂಶವೃಕ್ಷವನ್ನು ಹಾಳೆಯಲ್ಲಿ ಬರೆದು ತರೋಣ, ಅಂಟಿಸಿಕೊಳ್ಳುವುದು ಅವರ ಪಾಡು. ಚಿಕ್ಕಪ್ಪನಿಗೆ ಸ್ವೆಟರ್ ಹಾಕಿಸಿ ಕರೆತನ್ನಿ, ಆ ವರಾಂಡದಲ್ಲಿ ಗಾಳಿ ಜಾಸ್ತಿ.